ಆಲ್ ಮೈನ್ ಟು ಗಿವ್: ಮಕ್ಕಳ ಜೊತೆ ನೋಡುವ ಮೊದಲು ಇಷ್ಟು ಮಾಡಿಕೊಳ್ಳಿ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಅಪ್ಪ ಅಮ್ಮ ಇಬ್ಬರೂ ಸತ್ತ ಮೇಲೆ ದೊಡ್ಡ ಹುಡುಗ ತನ್ನ ತಮ್ಮ ತಂಗಿಯರನ್ನು ಹಿಮದಲ್ಲಿ ಕರೆದುಕೊಂಡು ಹೋಗಿ ಒಂದೊಂದು ಮನೆಗೆ ಕೊಟ್ಟು ಬರುತ್ತಾನಲ್ಲ, ಆ ಹಳೇ ಇಂಗ್ಲಿಷ್ ಸಿನಿಮಾ ಯಾವುದು?" ಹೆಸರು ಹೇಳಿದ ಮೇಲೆ ಮುಂದಿನ ಪ್ರಶ್ನೆ: "ಮಕ್ಕಳಿಗೆ ತೋರಿಸಬಹುದಾ?"

ತೋರಿಸಬಹುದು. ಆದರೆ ಸುಮ್ನೆ ಹಾಕಿ ಕೂರಿಸುವ ಸಿನಿಮಾ ಇದಲ್ಲ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿದ್ದೇನೆ. ಕಥೆಯ ಕೊನೆಯನ್ನೂ ಹೇಳುತ್ತೇನೆ. ಯಾಕೆ ಹೇಳಲೇಬೇಕು ಅನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಬೇಕಾಗಿರುವುದು ಜಾಸ್ತಿ ಏನಿಲ್ಲ. ಎರಡು ಸಂಜೆ, ಇಂಗ್ಲಿಷ್ ಸಬ್‌ಟೈಟಲ್ ಇರುವ ಒಳ್ಳೆಯ ಪ್ರತಿ, ಅಮೆರಿಕದ ಒಂದು ನಕ್ಷೆ (ಫೋನಿನಲ್ಲಿದ್ದರೂ ಸಾಕು), ಮಗುವಿನ ಲಸಿಕೆ ಕಾರ್ಡು. ಕಾರ್ಡು ಯಾಕೆ ಅಂತ ಆಮೇಲೆ ಹೇಳುತ್ತೇನೆ.

1. ನಿಮ್ಮ ತಲೆಯಲ್ಲಿರುವುದು ಇದೇ ಸಿನಿಮಾನಾ, ಖಚಿತ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಈ ಸಿನಿಮಾಕ್ಕೆ ಎರಡು ಹೆಸರು. ಅಮೆರಿಕದಲ್ಲಿ 'ಆಲ್ ಮೈನ್ ಟು ಗಿವ್'. ಬ್ರಿಟನ್ನಿನಲ್ಲಿ 'ದ ಡೇ ದೇ ಗೇವ್ ಬೇಬೀಸ್ ಅವೇ', ಅಂದರೆ 'ಮಕ್ಕಳನ್ನು ಕೊಟ್ಟುಬಿಟ್ಟ ದಿನ'. ಒಂದು ಹೆಸರಲ್ಲಿ ಹುಡುಕಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಗುರುತು ಇವು. 1957ರ ಬಣ್ಣದ ಸಿನಿಮಾ. ನಿರ್ದೇಶಕ ಆಲನ್ ರೈಸ್ನರ್. ತಾಯಿ ಮೇಮಿಯಾಗಿ ಗ್ಲಿನಿಸ್ ಜಾನ್ಸ್, ತಂದೆ ರಾಬರ್ಟ್ ಆಗಿ ಕ್ಯಾಮರಾನ್ ಮಿಚೆಲ್. ದೊಡ್ಡ ಮಗ ರಾಬಿಯ ಪಾತ್ರ ರೆಕ್ಸ್ ಥಾಂಪ್ಸನ್‌ದು. ತಂಗಿ ಅನಬೆಲ್ ಆಗಿರುವವಳು ಪ್ಯಾಟಿ ಮೆಕಾರ್ಮಾಕ್. ಅದಕ್ಕೆ ಸ್ವಲ್ಪ ಮೊದಲು ಕೊಲೆ ಮಾಡುವ ಪುಟ್ಟ ಹುಡುಗಿಯ ಪಾತ್ರ ಮಾಡಿ ಆಸ್ಕರ್ ನಾಮನಿರ್ದೇಶನ ಪಡೆದ ಬಾಲನಟಿ ಇವಳೇ. ಇಲ್ಲಿ ಪಾಪದ ಮಗು! ಸಂಗೀತ ಮ್ಯಾಕ್ಸ್ ಸ್ಟೈನರ್‌ನದು. ಕಣ್ಣೀರು ತರಿಸುವ ಕಡೆಯಲ್ಲೆಲ್ಲ ಆತ ಪಿಟೀಲುಗಳಿಗೆ ಸ್ವಲ್ಪವೂ ಬಿಡುವು ಕೊಟ್ಟಿಲ್ಲ.

ನಿಮ್ಮ ನೆನಪಿನಲ್ಲಿ ಅನಾಥಾಶ್ರಮ ಇದ್ದರೆ, ಹಾಡು ಕುಣಿತ ಇದ್ದರೆ, ಕೊನೆಗೆ ಶ್ರೀಮಂತರೊಬ್ಬರು ಬಂದು ಎಲ್ಲ ಸರಿಮಾಡಿದರೆ, ಅದು ಬೇರೆ ಸಿನಿಮಾ. ಇಲ್ಲಿ ಯಾರೂ ಬಂದು ಕಾಪಾಡುವುದಿಲ್ಲ.

2. ಸರಿಯಾದ ಪ್ರತಿ ಹುಡುಕಿ

ಸಿನಿಮಾ ಹೆಚ್ಚುಕಡಿಮೆ 100 ನಿಮಿಷ ಇದೆ. 80 ನಿಮಿಷಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ಕತ್ತರಿಸಿದ ಪ್ರತಿ ಅಂತ ತಿಳಿಯಿರಿ. ಕಪ್ಪುಬಿಳುಪಿನಲ್ಲಿ ಕಾಣಿಸಿದರೆ ಬಣ್ಣ ಹೋದ ಪ್ರತಿ. ಅಂಥದ್ದು ಬೇಡ. ಹಿಮದ ಬಿಳುಪು, ಗುಡಿಸಿಲೊಳಗಿನ ದೀಪದ ಬಣ್ಣ, ಇವೆರಡರ ನಡುವಿನ ವ್ಯತ್ಯಾಸದಲ್ಲೇ ಸಿನಿಮಾದ ಅರ್ಧ ಮಾತು ಇದೆ.

ಒಟಿಟಿಯಲ್ಲಿ ಹಕ್ಕು ದೇಶಕ್ಕೊಂದು ಥರ. ಅಮೆರಿಕದಲ್ಲಿರುವ ತಂಗಿಗೆ ಸಿಕ್ಕಿದ್ದು ಶಿವಮೊಗ್ಗದಲ್ಲಿರುವ ನಿಮಗೆ ಸಿಗದೆ ಇರಬಹುದು. ಬಾಡಿಗೆಗೆ ಸಿಗುತ್ತದಾ, ಡಿವಿಡಿ ಇದೆಯಾ, ಎರಡನ್ನೂ ನೋಡಿ. ಹಳೇ ಸಿನಿಮಾ ಅಂದಮಾತ್ರಕ್ಕೆ ಹಕ್ಕೆಲ್ಲ ಮುಗಿದಿದೆ, ಎಲ್ಲಿಂದ ಇಳಿಸಿಕೊಂಡರೂ ನಡೆಯುತ್ತದೆ ಅಂದುಕೊಳ್ಳಬೇಡಿ.

ಎಚ್ಚರಿಕೆ: ಹುಡುಕುವಾಗ ಕೊನೆಯ ಹತ್ತು ನಿಮಿಷದ ತುಣುಕುಗಳು ಎದುರಾಗಬಹುದು. ಮಕ್ಕಳ ಮುಂದೆ ಹುಡುಕಬೇಡಿ. ಕೊನೆಯನ್ನು ಮಾತಲ್ಲಿ ಹೇಳುವುದು ಬೇರೆ. ಹಿಂದುಮುಂದಿಲ್ಲದೆ ಅಳುವ ಮುಖಗಳನ್ನು ತೋರಿಸುವುದು ಬೇರೆ.

ಸಬ್‌ಟೈಟಲ್ ಬೇಕೇ ಬೇಕು. ಈ ಗಂಡಹೆಂಡತಿ ಸ್ಕಾಟ್ಲೆಂಡಿನಿಂದ ಬಂದವರು, ಮಾತೂ ಹಾಗೇ. 'ವೀ' ಅಂದರೆ ಪುಟ್ಟ, 'ಲಾಸ್' ಅಂದರೆ ಹುಡುಗಿ, 'ಆಯ್' ಅಂದರೆ ಹೌದು. ಕ್ಯಾಮರಾನ್ ಮಿಚೆಲ್ ಅಮೆರಿಕದವನು. ಅವನ ಸ್ಕಾಟಿಷ್ ಉಚ್ಚಾರ ಒಂದೊಂದು ದೃಶ್ಯದಲ್ಲಿ ಒಂದೊಂದು ಥರ. ನಿಮ್ಮ ಕಿವಿಯ ತಪ್ಪಲ್ಲ.

3. ಹಿನ್ನೆಲೆಯನ್ನು ಮೊದಲು ನೀವು ತಿಳಿದುಕೊಳ್ಳಿ

ಇದೊಂದು ಹಂತ ಬಿಟ್ಟರೆ ಮಕ್ಕಳು ಕೇಳುವ ಮೊದಲ ಪ್ರಶ್ನೆಗೇ ತಡವರಿಸುತ್ತೀರಿ. ಆ ಪ್ರಶ್ನೆ: "ಪೊಲೀಸರಿಗೆ ಹೇಳಬಹುದಿತ್ತಲ್ವಾ? ಆಶ್ರಮ ಇರಲಿಲ್ವಾ?"

ನಕ್ಷೆಯಲ್ಲಿ ಅಮೆರಿಕದ ಉತ್ತರ ಭಾಗ ನೋಡಿ. ಮಿಷಿಗನ್ ಸರೋವರದ ಎಡಕ್ಕೆ ವಿಸ್ಕಾನ್ಸಿನ್ ರಾಜ್ಯ. ಅಲ್ಲಿ ವಿನೆಬೇಗೊ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. ಅದರೊಳಗೆ ಫಾಕ್ಸ್ ನದಿಯ ದಡದಲ್ಲಿ ಯುರೇಕಾ ಅನ್ನುವ ಸಣ್ಣ ಊರು. ಸಿನಿಮಾ ನಡೆಯುವುದು ಇಲ್ಲಿ. ಗಂಡಹೆಂಡತಿ ಬಂದಿಳಿಯುವುದು 1856ರಲ್ಲಿ. ವಿಸ್ಕಾನ್ಸಿನ್ ರಾಜ್ಯವಾಗಿದ್ದೇ 1848ರಲ್ಲಿ. ಅಂದರೆ ಆಗಿನ್ನೂ ಎಂಟು ವರ್ಷದ ರಾಜ್ಯ. ಕರೆಸಿಕೊಂಡ ಚಿಕ್ಕಪ್ಪ ಇವರು ಬರುವ ಹೊತ್ತಿಗೆ ತೀರಿಕೊಂಡಿರುತ್ತಾನೆ, ಮನೆ ಸುಟ್ಟುಹೋಗಿರುತ್ತದೆ. ಹೆಂಡತಿ ಬಸುರಿ. ಊರವರು ಸೇರಿ ಮರದ ದಿಮ್ಮಿ ಜೋಡಿಸಿ ಮನೆ ಎಬ್ಬಿಸಿಕೊಡುತ್ತಾರೆ.

'ಸೆಟ್ಲರ್' ಅನ್ನುವ ಮಾತು ಬರುತ್ತದೆ. ಹೊರಗಿನಿಂದ ಬಂದು ನೆಲೆ ಊರಿದವರು ಅಂತ ಅರ್ಥ. ಖಾಲಿ ಜಾಗಕ್ಕೆ ಬಂದವರು ಅಂತಲ್ಲ. ಈ ಸುತ್ತಿನ ನೆಲ ಮೆನಾಮಿನಿ ಮತ್ತು ಹೋ-ಚಂಕ್ ಜನರದ್ದು. 1836ರ ಒಂದೇ ಒಪ್ಪಂದದಲ್ಲಿ ಮೆನಾಮಿನಿಗಳು ಸುಮಾರು 40 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು. ಸಿನಿಮಾ ಈ ಮಾತನ್ನು ಎತ್ತುವುದಿಲ್ಲ. ಆ ಕಾಲದ ಹಾಲಿವುಡ್ ಎತ್ತುತ್ತಿದ್ದುದೂ ಕಡಿಮೆ. ದೊಡ್ಡ ಮಕ್ಕಳಿದ್ದರೆ ನೀವೇ ಒಂದು ಮಾತು ಸೇರಿಸಿ.

ಈಗ ಅನಾಥ ಮಕ್ಕಳ ವಿಷಯ. ಆ ಕಾಲದ ಅಂಥ ಹಳ್ಳಿಯಲ್ಲಿ ತಬ್ಬಲಿ ಮಕ್ಕಳನ್ನು ವಿಚಾರಿಸಲು ಬರುವ ಸರಕಾರಿ ಇಲಾಖೆ ಅಂತ ಒಂದು ಇರಲಿಲ್ಲ. ದತ್ತು ಕೊಡುವಾಗ ಮಗುವಿನ ಹಿತ ನೋಡಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಮೊದಲು ಬಂದಿದ್ದು 1851ರಲ್ಲಿ, ಅದೂ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಾತ್ರ. ಉಳಿದ ಕಡೆ ನೆಂಟರು, ನೆರೆಯವರು, ಚರ್ಚು. ಅದೂ ಇಲ್ಲದಿದ್ದರೆ ಬಡವರ ಮನೆ. ಅಂದರೆ ಮುದುಕರು, ರೋಗಿಗಳು, ಮಕ್ಕಳು ಎಲ್ಲರನ್ನೂ ಒಟ್ಟಿಗೆ ತುಂಬಿಡುತ್ತಿದ್ದ ಜಾಗ.

ಇನ್ನೊಂದು ಪದ್ಧತಿ ಇತ್ತು, ಕರಾರಿನ ಚಾಕರಿ. ಮಗುವನ್ನು 18 ಅಥವಾ 21 ವರ್ಷ ತುಂಬುವವರೆಗೆ ಒಂದು ಮನೆಗೆ ಒಪ್ಪಿಸುವುದು. ಅವರು ಊಟ ಬಟ್ಟೆ ಕೊಡಬೇಕು, ಮಗು ದುಡಿಯಬೇಕು. ಇದು ನಮ್ಮಲ್ಲಿದ್ದ ಜೀತ ಅಲ್ಲ. ಸಾಲದ ಲೆಕ್ಕ ಇಲ್ಲ, ಒಂದು ವಯಸ್ಸಿಗೆ ಬಿಡುಗಡೆ ಇದೆ. ಆದರೆ ಕೆಲವು ಮನೆಗಳಲ್ಲಿ ಮಗುವಿಗೆ ಆ ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ.

ಇದೇ ಹೊತ್ತಿಗೆ, 1854ರಲ್ಲಿ, ನ್ಯೂಯಾರ್ಕಿನಿಂದ ತಬ್ಬಲಿ ಮಕ್ಕಳನ್ನು ರೈಲಿನಲ್ಲಿ ಒಳನಾಡಿನ ಹಳ್ಳಿಗಳಿಗೆ ಕಳಿಸುವುದು ಶುರುವಾಯಿತು. ಮೊದಲ ತಂಡ ಹೋಗಿದ್ದು ಮಿಷಿಗನ್ನಿನ ಡೋವಾಜಿಯಾಕ್ ಊರಿಗೆ. 1929ರವರೆಗೆ ನಡೆದ ಈ 'ಅನಾಥರ ರೈಲು'ಗಳಲ್ಲಿ ಹೋದ ಮಕ್ಕಳು ಸುಮಾರು 2 ಲಕ್ಷ. ಊರವರು ಬಂದು ತಮಗೆ ಬೇಕಾದ ಮಗುವನ್ನು ಆರಿಸಿಕೊಳ್ಳುತ್ತಿದ್ದರು. ಗಟ್ಟಿಮುಟ್ಟಾದ ಹುಡುಗರಿಗೆ ಬೇಡಿಕೆ. ಅಣ್ಣ ಒಂದು ನಿಲ್ದಾಣದಲ್ಲಿ ಇಳಿದರೆ ತಂಗಿ ಇನ್ನೊಂದರಲ್ಲಿ.

ಇದನ್ನು ಮನಸ್ಸಲ್ಲಿಟ್ಟುಕೊಂಡು ರಾಬಿ ಮಾಡುವ ಕೆಲಸ ನೋಡಿ. ಅವನಿಗೆ 12 ವರ್ಷ. ಬೇರೆಯವರು ಬಂದು ಆರಿಸಿಕೊಳ್ಳಲು ಅವನು ಬಿಡುವುದಿಲ್ಲ, ತಾನೇ ಮನೆ ಆರಿಸುತ್ತಾನೆ. ಯಾರ ಬಾಗಿಲು ತಟ್ಟಬೇಕು, ಯಾರದ್ದು ತಟ್ಟಬಾರದು, ಯಾವ ಮಗುವಿಗೆ ಯಾವ ಮನೆ ಹೊಂದುತ್ತದೆ ಅಂತ ಲೆಕ್ಕ ಹಾಕುತ್ತಾನೆ. 'ಮಕ್ಕಳನ್ನು ಹಂಚಿದ ಕಥೆ' ಅಂತ ಎಲ್ಲರೂ ಹೇಳುತ್ತಾರೆ. ನನಗೆ ಇದು ಮನೆ ಹುಡುಕಿದ ಕಥೆ. ಹಾಗೆ ನೋಡಿದರೆ ಸಿನಿಮಾ ಬೇರೆಯೇ ಕಾಣುತ್ತದೆ.

4. ನಿಮ್ಮ ಮಗುವಿಗೆ ಈಗ ಇದು ಬೇಕಾ, ಯೋಚಿಸಿ

ರಕ್ತ ಇಲ್ಲ, ಕೆಟ್ಟ ಮಾತಿಲ್ಲ. ಹಾಗಾಗಿ 'ಎಲ್ಲರಿಗೂ ಸರಿ' ಅನ್ನುವ ಪಟ್ಟಿಯಲ್ಲಿ ಸೇರಿಸಿಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಎಂಟು ಒಂಬತ್ತು ವರ್ಷದ ಒಳಗೆ ಬೇಡ. ಅದಕ್ಕಿಂತ ಸಣ್ಣ ಮಕ್ಕಳಿಗೆ ಅಮ್ಮ ಸಾಯಬಹುದು ಅನ್ನುವುದೊಂದೇ ತಲೆಯಲ್ಲಿ ಉಳಿಯುತ್ತದೆ.

ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ ಮುಂದಕ್ಕೆ ಹಾಕಿ. ದತ್ತು ಬಂದ ಮಗು ಮನೆಯಲ್ಲಿದ್ದರೆ ಮೊದಲು ನೀವೊಬ್ಬರೇ ಪೂರ್ತಿ ನೋಡಿ, ಆಮೇಲೆ ತೀರ್ಮಾನ ಮಾಡಿ. 'ಕೊಟ್ಟುಬಿಡುವುದು' ಅನ್ನುವ ಮಾತು ಆ ಮಗುವಿನ ಕಿವಿಗೆ ಬೇರೆ ಥರ ಕೇಳಿಸುತ್ತದೆ.

5. ಕೊನೆಯನ್ನು ಮೊದಲೇ ಹೇಳಿಬಿಡಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಸಿನಿಮಾದ ಮೊದಲ ಭಾಗ ಮೋಸ ಮಾಡುತ್ತದೆ. ಹೊಸ ಮನೆ, ನಗು, ಜಗಳ, ಒಂದರ ಹಿಂದೆ ಒಂದು ಮಗು. ಅಪ್ಪನ ದೋಣಿ ಕಟ್ಟುವ ಕೆಲಸ ಕೈ ಹಿಡಿಯುತ್ತದೆ. ಹಬ್ಬದ ಸಿನಿಮಾ ಅಂದುಕೊಂಡು ಮಕ್ಕಳು ಆರಾಮಾಗಿ ಒರಗಿಕೊಳ್ಳುತ್ತಾರೆ. ಆಮೇಲೆ ನೆಲ ಕುಸಿಯುತ್ತದೆ. ನಾನು ಮೊದಲ ಸಲ ಏನೂ ಹೇಳದೆ ಅಕ್ಕನ ಮಗಳಿಗೆ ತೋರಿಸಿ ಕೆಟ್ಟೆ. ಎರಡು ದಿನ ಅವಳು ತಮ್ಮನ ಕೈ ಬಿಡಲಿಲ್ಲ.

ಹೇಳುವುದು ಹೇಗೆ? ಉದ್ದ ಬೇಡ, ಇಷ್ಟು ಸಾಕು: "ಈ ಮಕ್ಕಳ ಅಪ್ಪ ಅಮ್ಮ ಕಾಯಿಲೆಯಿಂದ ಸಾಯುತ್ತಾರೆ. ಅಮ್ಮ ಸಾಯುವ ಮೊದಲು ದೊಡ್ಡ ಮಗನಿಗೆ ಒಂದು ಕೆಲಸ ಒಪ್ಪಿಸುತ್ತಾಳೆ, ತಮ್ಮ ತಂಗಿಯರಿಗೆ ಒಳ್ಳೆಯ ಮನೆ ಹುಡುಕು ಅಂತ. ಅವನು ಹೇಗೆ ಹುಡುಕುತ್ತಾನೆ ನೋಡೋಣ."

ಆಮೇಲೆ ಇನ್ನೊಂದು ಮಾತು ಸೇರಿಸಿ. ಇದು ನಡೆದ ಕಥೆ. ಬರೆದವನು ಡೇಲ್ ಯುನ್ಸನ್. ಕಥೆಯ ಆ ದೊಡ್ಡ ಹುಡುಗ ಬೇರೆ ಯಾರೂ ಅಲ್ಲ, ಬರೆದವನ ಅಪ್ಪ! 1940ರ ದಶಕದಲ್ಲಿ ಡೇಲ್ ಇದನ್ನು ಮೊದಲು ಪತ್ರಿಕೆಗೆ ಬರೆದ, ಆಮೇಲೆ ಪುಸ್ತಕ ಮಾಡಿದ. ಸಿನಿಮಾದ ಚಿತ್ರಕಥೆಯನ್ನು ಅವನೂ ಹೆಂಡತಿ ಕ್ಯಾಥರೀನಳೂ ಸೇರಿ ಬರೆದರು. ಅಂದರೆ ಆ ಹುಡುಗ ಬದುಕಿದ, ದೊಡ್ಡವನಾದ, ಮದುವೆಯಾದ, ಮಗನನ್ನು ಕೂರಿಸಿಕೊಂಡು ಈ ಕಥೆ ಹೇಳಿದ. ಮಕ್ಕಳಿಗೆ ಇಷ್ಟು ಗೊತ್ತಿದ್ದರೆ ಸಾಕು, ಕೊನೆಯ ದೃಶ್ಯ ನೋಡುವ ಧೈರ್ಯ ಬರುತ್ತದೆ. ಪರದೆಯ ಮೇಲೆ ಹುಡುಗ ಒಬ್ಬನೇ ನಡೆದು ಹೋಗುತ್ತಿರುವಾಗ ಅವರ ತಲೆಯಲ್ಲಿ ಅವನು ಆಗಲೇ ಒಬ್ಬ ಅಪ್ಪ.

'ಮೊದಲೇ ಹೇಳಿದರೆ ಮಜಾ ಹೋಗುತ್ತದೆ' ಅನ್ನುವವರಿಗೆ ಒಂದೇ ಮಾತು. ಬ್ರಿಟನ್ನಿನಲ್ಲಿ ಕೊನೆಯನ್ನೇ ಹೆಸರಾಗಿ ಇಟ್ಟು ಬಿಡುಗಡೆ ಮಾಡಿದರು.

6. ಎರಡು ಸಂಜೆಗೆ ಹಂಚಿ

ಒಂದೇ ಸಲಕ್ಕೆ ಬೇಡ. ಮೊದಲ ಸಂಜೆ, ಮನೆ ತುಂಬ ಆರು ಮಕ್ಕಳಾಗಿ ಅಪ್ಪನ ಕೆಲಸ ನಡೆಯುತ್ತಿರುವ ಘಟ್ಟದಲ್ಲಿ ನಿಲ್ಲಿಸಿ. ನಿಮಿಷ ಎಣಿಸಬೇಡಿ. ಕರ್ಕ್ ಅನ್ನುವ ಹುಡುಗನಿಗೆ ಕಾಯಿಲೆ ಕಾಣಿಸಿಕೊಳ್ಳುವ ಮೊದಲು ನಿಲ್ಲಿಸಿದರೆ ಸರಿ. ಮಕ್ಕಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ: ರಾಬಿ, ಜಿಮ್ಮಿ, ಕರ್ಕ್, ಅನಬೆಲ್, ಎಲಿಜಬೆತ್, ಜೇನ್. ಮರುದಿನ ಯಾರು ಯಾವ ಮನೆಗೆ ಹೋದರು ಅಂತ ಗೊಂದಲ ಆಗುವುದಿಲ್ಲ.

ಎರಡನೇ ಭಾಗವನ್ನು ಮಲಗುವ ಹೊತ್ತಿಗೆ ಹಾಕಬೇಡಿ. ಭಾನುವಾರ ಸಂಜೆ ನಾಲ್ಕಕ್ಕೆ ಶುರು ಮಾಡಿ. ಮುಗಿದ ಮೇಲೆ ಊಟ, ಮಾತು, ಎಲ್ಲದಕ್ಕೂ ಸಮಯ ಇರುತ್ತದೆ. ಫೋನು ನೋಡುತ್ತಾ ಪಕ್ಕದ ಕೋಣೆಯಲ್ಲಿ ಕೂರಬೇಡಿ. ಕಣ್ಣಲ್ಲಿ ನೀರು ಬಂದರೆ ಮರೆಮಾಚುವುದೂ ಬೇಡ.

7. ಕಾಯಿಲೆ ಬಗ್ಗೆ ಕೇಳುತ್ತಾರೆ, ಸಿದ್ಧವಾಗಿರಿ

ಅಪ್ಪ ಸಾಯುವುದು ಒಂದು ಮುತ್ತಿನಿಂದ. ಕರ್ಕ್‌ಗೆ ಡಿಫ್ತೀರಿಯಾ, ಅಂದರೆ ನಮ್ಮ ಹಿರಿಯರು ಗಂಟಲುಮಾರಿ ಅನ್ನುತ್ತಿದ್ದ ರೋಗ. ಅಮ್ಮ ಅವನ ಜೊತೆ ಮನೆಯಲ್ಲೇ ಉಳಿಯುತ್ತಾಳೆ. ಅಪ್ಪ ಉಳಿದ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾನೆ. ಹೊರಡುವಾಗ ಮಗು ಅಪ್ಪನಿಗೆ ಮುತ್ತು ಕೊಡುತ್ತದೆ. ಮಗು ಉಳಿಯುತ್ತದೆ, ಅಪ್ಪ ಉಳಿಯುವುದಿಲ್ಲ.

ಇದನ್ನು ನೋಡಿದ ಮಗು "ನಾನು ಮುತ್ತು ಕೊಟ್ಟರೆ ನಿಂಗೂ ಬರುತ್ತಾ?" ಅಂತ ಕೇಳದೆ ಇರುವುದಿಲ್ಲ. ಆಗ ಲಸಿಕೆ ಕಾರ್ಡು ತೆಗೆಯಿರಿ. ತಾಯಿ ಕಾರ್ಡ್ ಇದ್ದರೆ ಅದೇ ಆಗುತ್ತದೆ.

ಸರಳವಾಗಿ ಹೀಗೆ ಹೇಳಿ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಕೆಮ್ಮು, ಎಂಜಲಿನಿಂದ ಹರಡುತ್ತದೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ. ಅದು ಬಿಡುವ ವಿಷ ಹೃದಯಕ್ಕೂ ಪೆಟ್ಟು ಕೊಡುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು 1890ರ ದಶಕದಲ್ಲಿ, ಲಸಿಕೆ ಬಳಕೆಗೆ ಬಂದಿದ್ದು 1920ರ ದಶಕದಲ್ಲಿ. ಸಿನಿಮಾದ ಅಪ್ಪನಿಗೆ ಎರಡೂ ಸಿಗುವ ಹಾಗಿರಲಿಲ್ಲ.

ನಿನಗೆ ಸಿಕ್ಕಿದೆ ಅಂತ ಕಾರ್ಡಿನಲ್ಲಿ ತೋರಿಸಿ. 6, 10, 14ನೇ ವಾರಕ್ಕೆ ಪೆಂಟಾವೇಲೆಂಟ್, ಅಂದರೆ ಐದು ರೋಗಕ್ಕೆ ಒಂದೇ ಸೂಜಿ. 16ರಿಂದ 24 ತಿಂಗಳೊಳಗೆ ಒಂದು, 5ರಿಂದ 6 ವರ್ಷದೊಳಗೆ ಇನ್ನೊಂದು ಡಿಪಿಟಿ, ಅಂದರೆ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ತಡೆಯುವ ಸೂಜಿ. 10 ಮತ್ತು 16 ವರ್ಷಕ್ಕೆ ಟಿಡಿ, ಅಂದರೆ ಧನುರ್ವಾಯು ಮತ್ತು ಡಿಫ್ತೀರಿಯಾದ್ದು. ನೋಡುವಾಗ ಯಾವುದಾದರೂ ತಪ್ಪಿದ್ದು ಕಂಡರೆ ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋಗಿ. ಜಾಸ್ತಿ ಜನ ಮರೆಯುವುದು ಶಾಲೆಗೆ ಸೇರಿದ ಮೇಲಿನ ಡೋಸುಗಳನ್ನು.

ಅಮ್ಮ ಹೋಗುವುದು ಟೈಫಾಯ್ಡಿನಿಂದ. ಹೊಲಿಗೆ ಮಾಡಿ ಸಂಸಾರ ಎತ್ತಿಹಿಡಿದು ಬಳಲಿದ ದೇಹ. ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರುವ ರೋಗ ಇದು. ಕುದಿಸಿದ ನೀರಿನ ಮಾತು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ, ಉದ್ದ ಬೆಳೆಸಬೇಡಿ.

8. ಮುಗಿದ ಮೇಲೆ ಏನು ಹೇಳಬೇಕು, ಏನು ಹೇಳಬಾರದು

ಹೇಳಬಾರದ್ದು ಮೊದಲು: "ನೋಡು, ನೀನೆಷ್ಟು ಪುಣ್ಯವಂತ." ಈ ಒಂದು ವಾಕ್ಯ ಇಡೀ ಸಿನಿಮಾವನ್ನು ಬೈಗುಳ ಮಾಡಿಬಿಡುತ್ತದೆ. "ನೀನೂ ಅಣ್ಣನ ಹಾಗೆ ಜವಾಬ್ದಾರಿ ಕಲಿ" ಅನ್ನುವುದೂ ಬೇಡ. 12 ವರ್ಷದ ಹುಡುಗ ಮಾಡಬಾರದಿದ್ದ ಕೆಲಸ ಅದು. ಮನೆಯ ದೊಡ್ಡ ಮಗುವಿಗೆ ಅದನ್ನು ಮಾದರಿ ಅಂತ ತೋರಿಸಿದರೆ ಭಾರ ಹೊರಿಸಿದ ಹಾಗೆ.

ಮಕ್ಕಳೇ ಕೇಳಲಿ. ಮೂರು ಪ್ರಶ್ನೆಗಳಂತೂ ಬಂದೇ ಬರುತ್ತವೆ.

"ಎಲ್ಲರನ್ನೂ ಒಂದೇ ಮನೆಗೆ ಯಾಕೆ ಕೊಡಲಿಲ್ಲ?" ಎಲ್ಲರ ಮನೆಯೂ ಒಂದೆರಡು ಕೋಣೆಯದ್ದು. ಚಳಿಗಾಲಕ್ಕೆ ಕೂಡಿಟ್ಟ ಕಾಳು ಎಣಿಸಿದಷ್ಟು. ಒಂದು ಬಾಯಿ ಹೆಚ್ಚಾದರೆ ತೂಗಿಸಬಹುದು, ಆರು ಹೆಚ್ಚಾದರೆ ಆಗದು.

"ರಾಬಿ ಯಾಕೆ ಯಾರ ಮನೆಗೂ ಹೋಗಲಿಲ್ಲ?" ಅವನು ಮರ ಕಡಿಯುವ ಕ್ಯಾಂಪಿಗೆ ಹೊರಡುತ್ತಾನೆ. ಚಳಿಗಾಲದಲ್ಲೇ ಯಾಕೆ ಅಂತ ಕೇಳಿದರೆ ಖುಷಿಯಿಂದ ಉತ್ತರಿಸಿ, ಯಾಕೆಂದರೆ ಇದು ಚಂದದ ವಿಷಯ. ಹಿಮ ಗಟ್ಟಿಯಾದರೆ ದಿಮ್ಮಿ ತುಂಬಿದ ಜಾರುಬಂಡಿ ಎಳೆಯುವುದು ಸುಲಭ. ಅದಕ್ಕೇ ವಿಸ್ಕಾನ್ಸಿನ್ನಿನಲ್ಲಿ ಮರ ಕಡಿಯುತ್ತಿದ್ದುದು ಚಳಿಗಾಲದಲ್ಲಿ. ಹಿಮ ಕರಗಿ ಹೊಳೆ ತುಂಬಿದಾಗ ದಿಮ್ಮಿಗಳನ್ನು ನೀರಿನಲ್ಲಿ ತೇಲಿಬಿಟ್ಟು ಮಿಲ್ಲಿಗೆ ಸಾಗಿಸುತ್ತಿದ್ದರು. ಅದೇ ಕೌಂಟಿಯ ಓಷ್ಕೋಷ್ ಪಟ್ಟಣದಲ್ಲಿ ಎಷ್ಟು ಮಿಲ್ಲುಗಳಿದ್ದವು ಅಂದರೆ, ಅದಕ್ಕೆ 'ಮರದ ಹೊಟ್ಟಿನ ಊರು' ಅಂತಲೇ ಹೆಸರು ಬಿತ್ತು. ದಾಂಡೇಲಿ ಕಡೆಯವರಾದರೆ ಈ ಮಾತನ್ನು ಮಕ್ಕಳಿಗೆ ಇನ್ನೂ ಚೆನ್ನಾಗಿ ಬಿಡಿಸಿ ಹೇಳಬಲ್ಲಿರಿ.

"ಈಗಲೂ ಹೀಗೆ ಮಕ್ಕಳನ್ನು ಕೊಡಬಹುದಾ?" ಇದಕ್ಕೆ ಮಾತ್ರ ಖಡಾಖಂಡಿತ ಉತ್ತರ ಕೊಡಿ. ಇಲ್ಲ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆ ಇದೆ. ಯಾರೂ ಇಲ್ಲದ ಮಗು ಕಂಡರೆ 1098ಕ್ಕೆ ಫೋನ್ ಮಾಡಬೇಕು. ಅಲ್ಲಿಂದ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ದತ್ತು ಆಗುವುದು 'ಕಾರಾ' ಅನ್ನುವ ಕೇಂದ್ರ ಸಂಸ್ಥೆಯ ಮೂಲಕ. ಸುಮ್ನೆ ಕೈಯಿಂದ ಕೈಗೆ ಕೊಟ್ಟರೆ ಅಪರಾಧ, ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ಅಷ್ಟೇ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ "ಅಪ್ಪ ಅಮ್ಮ ತೀರಿಕೊಂಡ ಮಕ್ಕಳಿವೆ, ದತ್ತು ಬೇಕಾದವರು ಕರೆ ಮಾಡಿ" ಅನ್ನುವ ವಾಟ್ಸಾಪ್ ಸಂದೇಶಗಳು ಹರಿದಾಡಿದ್ದು ನೆನಪಿರಬಹುದು. ಮರುಗಿ ಮುಂದಕ್ಕೆ ಕಳಿಸಿದವರೇ ಜಾಸ್ತಿ. ಅಂಥದ್ದನ್ನು ನಂಬಬೇಡಿ, ಹಂಚಬೇಡಿ ಅಂತ ಆಗ ಸರಕಾರವೇ ಎಚ್ಚರಿಸಬೇಕಾಯಿತು.

ಇದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಕ್ಕನ ಮಗಳು ಕೇಳಿದ್ದು ಅದನ್ನೇ: "ಈಗ ಆದರೆ ಅವರೆಲ್ಲ ಒಟ್ಟಿಗೆ ಇರಬಹುದಿತ್ತಾ?" ಒಡಹುಟ್ಟಿದವರನ್ನು ಆದಷ್ಟು ಒಂದೇ ಮನೆಗೆ ದತ್ತು ಕೊಡಬೇಕು ಅನ್ನುವುದು ಈಗಿನ ಕ್ರಮ. ಅವಳಿಗೆ ಅಷ್ಟೇ ಹೇಳಿದೆ. ಗೋಡೆಯ ಮೇಲಿದ್ದ ಚೀಟಿ ಕಿತ್ತು, ಆರೂ ಹೆಸರುಗಳ ಸುತ್ತ ಒಂದು ಮನೆ ಬರೆದು ಮತ್ತೆ ಅಂಟಿಸಿದಳು.